ಯುಕೆ ಲೈಸೆನ್ಸ್: 12 ವರ್ಷ ಬೆಂಗಳೂರಲ್ಲಿ ಕಾರು ಓಡಿಸಿದವನಿಗೂ ಕ್ಲಾಸ್ ಬೇಕಾ?

ಗಾಂಧಿಬಜಾರ್ ಗಿರಾಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಮಿಲ್ಟನ್ ಕೀನ್ಸ್‌ಗೆ ಬಂದು ನಾಲ್ಕು ತಿಂಗಳಾಯಿತು. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಮಗಳ ನರ್ಸರಿ ಊರಿನ ಒಂದು ಮೂಲೆ, ನನ್ನ ಆಫೀಸು ಇನ್ನೊಂದು ಮೂಲೆ. ಬಸ್ಸನ್ನೇ ನಂಬಿಕೊಂಡರೆ ಕೆಲಸ ಕೆಡುತ್ತದೆ ಅಂತ ಎರಡನೇ ತಿಂಗಳಲ್ಲೇ ಒಂದು ಹಳೇ ಹೋಂಡಾ ಜಾಝ್ ತೆಗೆದುಕೊಂಡೆ. ಸದ್ಯಕ್ಕೆ ನನ್ನ ಕೆಎ-05 ಡಿಎಲ್‌ನಲ್ಲೇ ಓಡಿಸುತ್ತಿದ್ದೇನೆ.

ಈ ಡಿಎಲ್ ಇಲ್ಲಿ 12 ತಿಂಗಳು ನಡೆಯುತ್ತದೆ ಎಂದು ಗೊತ್ತು. ಆಮೇಲಿನದೇ ತಲೆನೋವು. ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬ ಗೆಳೆಯ, "ಡಿಸೆಂಬರಲ್ಲಿ ಊರಿಗೆ ಹೋಗಿ ಬಾ, ವಾಪಸ್ ಬಂದ ದಿನದಿಂದ ಮತ್ತೆ 12 ತಿಂಗಳು ಸಿಗುತ್ತೆ" ಎನ್ನುತ್ತಾನೆ. ಪಕ್ಕದ ಸೀಟಿನವಳು ಇಲ್ಲೇ ಹುಟ್ಟಿ ಬೆಳೆದವಳು. ಅವಳು ಕನಿಷ್ಠ 40 ಗಂಟೆ ಕ್ಲಾಸ್ ತಗೋ ಅಂದಳು. ನಮ್ಮ ಕಡೆ ಗಂಟೆಗೆ 38 ಪೌಂಡ್. ಲೆಕ್ಕ ಹಾಕಿದೆ, 1,520 ಪೌಂಡ್ ಆಯಿತು. ನನ್ನ ಜಾಝ್‌ಗೆ ಕೊಟ್ಟಿದ್ದೇ 2,900!

ಜಂಬ ಅಂದುಕೊಳ್ಳಬೇಡಿ, 12 ವರ್ಷದಿಂದ ಓಡಿಸುತ್ತಿದ್ದೇನೆ. ಅದರಲ್ಲಿ ಆರು ವರ್ಷ ದಿನಾ ಬಸವನಗುಡಿಯಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ. ಒಂದೇ ಒಂದು ಸಲ ಗುದ್ದಿಸಿಕೊಂಡಿದ್ದು, ಅದೂ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಆಟೋ ಬಂದು. ಅಂಥವನಿಗೆ ಕ್ಲಾಸ್ ಯಾಕೆ ಹೇಳಿ? ಥಿಯರಿ ಓದಿಕೊಂಡು ನೇರ ಟೆಸ್ಟ್‌ಗೆ ಹೋದರೆ ಸಾಲದಾ? ಆಟೋಮ್ಯಾಟಿಕ್‌ನಲ್ಲಿ ಕೊಟ್ಟರೆ ಸುಲಭವಾ? ಈ ದಾರಿಯಲ್ಲಿ ಹೋಗಿ ಬಂದವರು ಹೇಳಿ.

ಗಿರ್ಮಿಟ್:

ಮೊದಲು ಆ ಗೆಳೆಯನ ಮಾತು ಬಿಡ್ರಿ. 12 ತಿಂಗಳು ಅನ್ನೋದು ನೀವು ಇಲ್ಲಿ ವಾಸಕ್ಕೆ ಬಂದ ದಿನದಿಂದ ಲೆಕ್ಕ. ಊರಿಗೆ ಹೋಗಿ ಕಡಲೆಕಾಯಿ ಪರಿಷೆ ಮುಗಿಸಿ ಬಂದರೆ ಮೀಟರ್ ಸೊನ್ನೆಗೆ ತಿರುಗೋದಿಲ್ಲ. ಅವಧಿ ಮುಗಿದ ಮೇಲೆ ಒಬ್ಬರೇ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಇನ್ಶೂರೆನ್ಸೂ ಕೈ ಎತ್ತುತ್ತದೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಮೇಲೆ ಲೈಸೆನ್ಸ್‌ಗೆ 6 ಪೆನಾಲ್ಟಿ ಪಾಯಿಂಟ್. ಹೊಸ ಲೈಸೆನ್ಸ್ ಸಿಕ್ಕಿ ಎರಡು ವರ್ಷ ತುಂಬುವುದರೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಆಟ ಆಡಬೇಡ್ರಿ.

ಜಪಾನ್, ಆಸ್ಟ್ರೇಲಿಯಾ, ಸಿಂಗಪುರದವರು ತಮ್ಮ ಲೈಸೆನ್ಸ್ ಕೊಟ್ಟು ಇಲ್ಲಿನದನ್ನು ಬದಲಿಗೆ ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ನಾವು 17 ವರ್ಷದ ಹುಡುಗರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಪ್ರೊವಿಷನಲ್‌ಗೆ (ಕಲಿಯುವವರ ಲೈಸೆನ್ಸ್) ಆನ್‌ಲೈನ್‌ನಲ್ಲಿ 34 ಪೌಂಡ್, ಥಿಯರಿಗೆ 23, ಪ್ರಾಕ್ಟಿಕಲ್‌ಗೆ 62. ಸಂಜೆ ಇಲ್ಲವೇ ವಾರಾಂತ್ಯದಲ್ಲಿ ಬೇಕಂದರೆ ಪ್ರಾಕ್ಟಿಕಲ್‌ಗೆ 75.

ಕ್ಲಾಸ್ ತಗೊಳ್ಳಲೇಬೇಕು ಅಂತ ಕಾನೂನು ಇಲ್ಲ. ನಾನು ಒಂದೂ ತಗೊಳ್ಳಲಿಲ್ಲ. ಲೀಡ್ಸ್‌ನಲ್ಲಿ ನನ್ನ ಕಾರಿನಲ್ಲೇ ಹೋದೆ. ಎಲ್ ಬೋರ್ಡ್ ಅಂಟಿಸಿದೆ, ಪರೀಕ್ಷಕರಿಗೆ ಅಂತ ಒಳಗೆ ಇನ್ನೊಂದು ಕನ್ನಡಿ ಸಿಕ್ಕಿಸಿದೆ, ಟೆಸ್ಟ್‌ಗೂ ಇನ್ಶೂರೆನ್ಸ್ ಇದೆಯಾ ಅಂತ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ. ಮೊದಲ ಸಲಕ್ಕೇ ಪಾಸ್, 6 ಸಣ್ಣ ತಪ್ಪು. ಒಟ್ಟು ಖರ್ಚು 119 ಪೌಂಡ್ ನೋಡ್ರಿ. ಕನ್ನಡಿಯ ದುಡ್ಡು ಬೇರೆ.

ನಂಜನಗೂಡು ರಸಬಾಳೆ:

ಗಿರ್ಮಿಟ್ ಅವರ ಲೆಕ್ಕ ಸರಿ ಇದೆ. ನನ್ನದು 361 ಪೌಂಡ್ ಆಯಿತು. ಆ ವ್ಯತ್ಯಾಸ ಯಾಕೆ ಬಂತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ನಾನು ಸ್ವಿಂಡನ್‌ನಲ್ಲಿದ್ದೇನೆ, ನರ್ಸ್ ಕೆಲಸ. ಬೆಳಿಗ್ಗೆ ಏಳೂವರೆಗೆ ಶಿಫ್ಟ್. ಭಾನುವಾರ ನಮ್ಮ ಬೀದಿಗೆ ಅಷ್ಟು ಹೊತ್ತಿಗೆ ಬಸ್ಸೇ ಇಲ್ಲ. ಮೈಸೂರಿನಲ್ಲಿ 11 ವರ್ಷ ವ್ಯಾಗನ್ ಆರ್ ಓಡಿಸಿದವಳು. ದಸರಾ ಸಮಯದಲ್ಲಿ ಸಯ್ಯಾಜಿರಾವ್ ರಸ್ತೆಯ ಅಕ್ಕಪಕ್ಕ ಪಾರ್ಕಿಂಗ್ ಹುಡುಕಿದವಳಿಗೆ ಸ್ವಿಂಡನ್ ಯಾವ ಲೆಕ್ಕ ಅಂತ ಒಂದೂ ಕ್ಲಾಸಿಲ್ಲದೆ ಟೆಸ್ಟ್‌ಗೆ ಹೋದೆ. ನಿಮ್ಮ ಸಿಲ್ಕ್ ಬೋರ್ಡ್ ಇದ್ದ ಹಾಗೆ ನನ್ನ ಸಯ್ಯಾಜಿರಾವ್ ರಸ್ತೆ. ಫೇಲಾದೆ.

ಟೆಸ್ಟ್ ಸುಮಾರು 40 ನಿಮಿಷ ಇರುತ್ತದೆ. ಅರ್ಧ ಗಂಟೆ ಚೆನ್ನಾಗೇ ಹೋಯಿತು. ಎಡಕ್ಕೆ ನಿಲ್ಲಿಸಿ ಎಂದರು, ನಿಲ್ಲಿಸಿದೆ. ನೀವು ಸಿದ್ಧವಾದಾಗ ಹೊರಡಿ ಎಂದರು. ಕನ್ನಡಿಯಲ್ಲಿ ಒಬ್ಬ ಸೈಕಲ್‌ನವನು ಕಾಣಿಸಿದ. ದೂರ ಇದ್ದ. ಇಂಡಿಕೇಟರ್ ಹಾಕಿದೆ, ಹೊರಟೆ. ಅವನು ಪೆಡಲ್ ತುಳಿಯುವುದನ್ನು ನಿಲ್ಲಿಸಿ ಒಂದು ಕ್ಷಣ ಬ್ರೇಕ್ ಹಿಡಿದ. ಅಷ್ಟೇ. ತಾಗಲಿಲ್ಲ, ಬೈಯಲಿಲ್ಲ, ಬೆಲ್ ಕೂಡ ಬಾರಿಸಲಿಲ್ಲ. ಪರೀಕ್ಷಕರು ಟ್ಯಾಬ್ಲೆಟ್ ಮೇಲೆ ಏನೋ ಒತ್ತಿದರು.

ವಾಪಸ್ ಬಂದ ಮೇಲೆ ಹೇಳಿದರು. ಸಣ್ಣ ತಪ್ಪು 4, ಗಂಭೀರ ತಪ್ಪು 1. ಸಣ್ಣವು 15ರ ತನಕ ಇದ್ದರೂ ಪಾಸು. ಗಂಭೀರ ಒಂದಿದ್ದರೂ ಫೇಲು. "ನಾನು ಅವನನ್ನು ನೋಡಿದ್ದೆ ಸಾರ್" ಎಂದೆ. "ಆದರೂ ಅವರು ನಿಧಾನ ಮಾಡಬೇಕಾಯಿತಲ್ಲ" ಎಂದರು.

ಎರಡು ದಿನ ಉರಿದುಕೊಂಡೆ. ಗಂಡನ ಹತ್ತಿರ ಪರೀಕ್ಷಕರನ್ನು ಬೈದೆ. ಮೂರನೇ ದಿನ ನೈಟ್ ಶಿಫ್ಟ್‌ನಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗ ಹೊಳೆಯಿತು. ಊರಲ್ಲಿ ನಾವು ಕಾರು ಓಡಿಸುವುದೇ ಎದುರಿನವನು ಬ್ರೇಕ್ ಹಾಕುತ್ತಾನೆ ಎಂಬ ಧೈರ್ಯದ ಮೇಲೆ. ನಾನು ಮೂತಿ ತೂರಿಸುತ್ತೇನೆ, ಅವನು ನಿಧಾನ ಮಾಡುತ್ತಾನೆ. ಮುಂದಿನ ಸರ್ಕಲ್‌ನಲ್ಲಿ ಅವನು ತೂರಿಸುತ್ತಾನೆ, ನಾನು ನಿಧಾನ ಮಾಡುತ್ತೇನೆ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನುವುದಿಲ್ವಾ, ರಸ್ತೆಯಲ್ಲೂ ಅದೇ. ಅದನ್ನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಾಗೆ ತೂರಿಸದಿದ್ದರೆ ಮೈಸೂರಿನ ಹಾರ್ಡಿಂಜ್ ಸರ್ಕಲ್‌ನಲ್ಲಿ ಕತ್ತಲಾಗುವ ತನಕ ನಿಂತಿರಬೇಕು. ಆದರೆ ಇಲ್ಲಿನ ಟೆಸ್ಟ್ ಹಿಡಿಯುವುದು ಅದನ್ನೇ. ನಿಮ್ಮಿಂದಾಗಿ ಇನ್ನೊಬ್ಬರು ಬ್ರೇಕ್ ಒತ್ತಬೇಕಾಯಿತಾ, ಪಕ್ಕಕ್ಕೆ ಸರಿಯಬೇಕಾಯಿತಾ? ಹಾಗಿದ್ದರೆ ತಪ್ಪು ನಿಮ್ಮ ಲೆಕ್ಕಕ್ಕೆ. 12 ವರ್ಷದ ಅನುಭವ ಇದ್ದಷ್ಟೂ ಆ ಅಡ್ಜಸ್ಟ್ ಬುದ್ಧಿ ಕೈಕಾಲಿಗೆ ಇಳಿದಿರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಪಕ್ಕದಲ್ಲಿ ಒಬ್ಬರು ಕೂರಬೇಕು.

ನಾನು ಐದು ಗಂಟೆ ಕ್ಲಾಸ್ ತೆಗೆದುಕೊಂಡೆ, ಗಂಟೆಗೆ 36 ಪೌಂಡ್. ಕಲಿಸಿದವರು ಮೊದಲು ಬಸ್ ಓಡಿಸುತ್ತಿದ್ದ ಹಿರಿಯರು. ಮೊದಲ ದಿನ ಅರ್ಧ ಗಂಟೆ ಮಾತೇ ಆಡಲಿಲ್ಲ, ಬರೆದುಕೊಂಡರು. ಆಮೇಲೆ ಪಟ್ಟಿ ಓದಿದರು. ಎಡಗೈ ಯಾವಾಗಲೂ ಗೇರ್ ಮೇಲೆ. ತಿರುವು ಬಂದರೆ ಸಾಕು, ಕ್ಲಚ್ ಒತ್ತಿ ಹಿಡಿಯುತ್ತೀರಿ. ಇಳಿಜಾರಲ್ಲಿ ನ್ಯೂಟ್ರಲ್. (ಇದು ನಮ್ಮಪ್ಪ ಚಾಮುಂಡಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ಅಂತ ಕಲಿಸಿದ್ದು. ಇಲ್ಲಿ ಕಾರು ಹಿಡಿತದಲ್ಲಿಲ್ಲ ಅಂತ ತಪ್ಪು ಹಾಕುತ್ತಾರೆ.) ಕನ್ನಡಿ ನೋಡುವಾಗ ಕಣ್ಣು ಮಾತ್ರ ಹೊರಳುತ್ತದೆ, ಕತ್ತು ತಿರುಗುವುದಿಲ್ಲ. ಹೊರಡುವ ಮುಂಚೆ ಬಲ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡಲೇಬೇಕು. ನೀವು ನೋಡಿದ್ದು ಪಕ್ಕದವರಿಗೂ ಗೊತ್ತಾಗಬೇಕು.

ಇನ್ನೊಂದು ಕೇಳಿ ನಗು ಬಂತು. ನಾನು ತುಂಬಾ ನಿಧಾನವಂತೆ. 30 ಮೈಲಿ ಮಿತಿಯ ಖಾಲಿ ರಸ್ತೆಯಲ್ಲಿ 22ರಲ್ಲಿ ಹೋಗುತ್ತಿದ್ದೆ. ಮಿತಿ ದಾಟಿದರೆ ತಪ್ಪು ಅಂತ ಗೊತ್ತಿತ್ತು, ಕಾರಣವಿಲ್ಲದೆ ತೆವಳಿದರೂ ತಪ್ಪು ಅಂತ ಗೊತ್ತಿರಲಿಲ್ಲ. ರೌಂಡ್ಅಬೌಟ್‌ನಲ್ಲಿ ಜಾಗ ಸಿಕ್ಕರೂ ಹೋಗದೆ ನಿಂತರೆ ಅದಕ್ಕೂ ಗುರುತು ಹಾಕುತ್ತಾರೆ.

ಹೆಡ್‌ಲೈಟ್ ಕಥೆ ಬೇರೆ. ಎರಡೂ ಕಡೆ ಕಾರು ನಿಲ್ಲಿಸಿದ್ದ ಕಿರಿದಾದ ಬೀದಿ. ಎದುರಿನಿಂದ ಬಂದ ವ್ಯಾನ್ ಎರಡು ಸಲ ಲೈಟ್ ಮಿಟುಕಿಸಿತು. ಊರಲ್ಲಿ ಅದರ ಅರ್ಥ "ನಾನು ಬರ್ತಾ ಇದೀನಿ, ಸರಿ". ನಾನು ಗಕ್ಕನೆ ಪಕ್ಕಕ್ಕೆ ಸರಿದು ನಿಂತೆ. ಅವನೂ ನಿಂತ. ಮತ್ತೆ ಮಿಟುಕಿಸಿದ. ನಾನು ಅಲುಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತೆವು. ಇಲ್ಲಿ ಜನ ಅದನ್ನು "ನೀವು ಹೋಗಿ" ಎನ್ನುವುದಕ್ಕೆ ಬಳಸುತ್ತಾರೆ. ತಮಾಷೆ ಏನೆಂದರೆ ಹೈವೇ ಕೋಡ್ ಅನ್ನೋ ಇಲ್ಲಿನ ರಸ್ತೆ ನಿಯಮಗಳ ಪುಸ್ತಕದ ಪ್ರಕಾರ ಎರಡೂ ತಪ್ಪು. "ನಾನು ಇಲ್ಲಿದ್ದೇನೆ" ಎಂದು ತಿಳಿಸುವುದಕ್ಕೆ ಮಾತ್ರ ಲೈಟ್ ಹಾಕಬೇಕು.

ಕೊನೇ ಕ್ಲಾಸಿನಲ್ಲಿ ನಮ್ಮೂರಿನ ಮ್ಯಾಜಿಕ್ ರೌಂಡ್ಅಬೌಟ್‌ಗೆ ಕರೆದುಕೊಂಡು ಹೋದರು. 1972ರಲ್ಲಿ ಮಾಡಿದ್ದು. ಒಂದು ದೊಡ್ಡ ಸರ್ಕಲ್, ಅದರ ಸುತ್ತ ಐದು ಪುಟ್ಟ ಸರ್ಕಲ್. ಪುಟ್ಟವುಗಳಲ್ಲಿ ಗಡಿಯಾರದ ದಿಕ್ಕಿನಲ್ಲಿ ಹೋಗಬೇಕು, ನಡುವಿನದರ ಸುತ್ತ ಉಲ್ಟಾ. ಸರ್ಕಲ್‌ಗಳ ಊರಿನಿಂದ ಬಂದವಳು ನಾನು, ಆದರೂ ಬೆವರಿಳಿಯಿತು. "ಇಡೀ ಸರ್ಕಲ್ ನೋಡಬೇಡ, ನಿನ್ನ ಮುಂದಿನ ಪುಟ್ಟದನ್ನು ಮಾತ್ರ ನೋಡು, ಬಲಗಡೆಯಿಂದ ಬರುವವರಿಗೆ ಬಿಡು" ಎಂದರು. ಹಾಗೇ ಮಾಡಿದೆ. ಒಂದು ಹಾರ್ನ್ ಇಲ್ಲ, ಯಾರೂ ತೂರಿಸಲಿಲ್ಲ, ಯಾರೂ ಬ್ರೇಕ್ ಒತ್ತಲಿಲ್ಲ. ನೀರು ಹರಿದ ಹಾಗೆ ಆಚೆ ಬಂದಿದ್ದೆ. ಇನ್ನೊಂದು ಸಲ ಹೋಗೋಣ ಅಂತ ನಾನೇ ಕೇಳಿದೆ.

ಎರಡನೇ ಟೆಸ್ಟ್‌ನಲ್ಲಿ 3 ಸಣ್ಣ ತಪ್ಪು, ಪಾಸ್. ಓಡಿಸುವಾಗ ಕಾರಿನದೇ ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ, ಹಿಂದಿನ ಗಾಜಿನ ಮಂಜು ಬಿಡಿಸುವುದು ಹೇಗೆ, ವೈಪರ್ ನೀರು ಹಾಕುವುದು ಹೇಗೆ, ಈ ಥರ. ನನಗೆ ಬಂದಿದ್ದು "ಹಾರ್ನ್ ಹೊಡೆದು ತೋರಿಸಿ". ಈ ದೇಶದಲ್ಲಿ ನಾನು ಹಾರ್ನ್ ಹೊಡೆದಿದ್ದು ಅದೊಂದೇ ಸಲ.

ಹಾಗಾಗಿ 40 ಗಂಟೆ ಬೇಡ, ಸೊನ್ನೆಯೂ ಬೇಡ. ಐದಾರು ಗಂಟೆ ಸಾಕು. ಅದೂ ಟೆಸ್ಟ್‌ಗೆ ಮುಂಚೆ. ನನ್ನ ಹಾಗೆ ಫೇಲಾದ ಮೇಲೆ ತಗೋಬೇಡಿ. ಇನ್ನೊಂದು ಮಾತು, ಪ್ರೊವಿಷನಲ್‌ಗೆ ಇವತ್ತೇ ಅರ್ಜಿ ಹಾಕಿ. ನಿಮ್ಮ ಕೈಯಲ್ಲಿ ಇನ್ನೂ ಎಂಟು ತಿಂಗಳಿದೆ. ಅಷ್ಟೂ ದಿನ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಒಬ್ಬರೇ ಓಡಿಸಿ ಅಭ್ಯಾಸ ಮಾಡಬಹುದು. ಅದು ಇಲ್ಲಿನ ಯಾವ ಕಲಿಯುವವನಿಗೂ ಇಲ್ಲದ ಅನುಕೂಲ. ಪ್ರಾಕ್ಟಿಕಲ್ ದಿನಾಂಕ ಸಿಗುವುದೇ ಕಷ್ಟ, ತಿಂಗಳುಗಟ್ಟಲೆ ಕಾಯಬೇಕು. ಸೋಮವಾರ ಬೆಳಿಗ್ಗೆ 6ಕ್ಕೆ ಹೊಸ ದಿನಾಂಕಗಳನ್ನು ಬಿಡುತ್ತಾರೆ. ಅಲಾರಂ ಇಟ್ಟುಕೊಂಡು ಕೂರಿ. ಸರ್ಕಾರದ ಸೈಟ್ ಬಿಟ್ಟು ಬೇರೆ ಯಾರೋ "ಬೇಗ ಕೊಡಿಸ್ತೀವಿ" ಎಂದು 200 ಪೌಂಡ್ ಕೇಳಿದರೆ ಕೊಡಬೇಡಿ.

ಗಿರ್ಮಿಟ್:

ಅಕ್ಕಾರೆ, ಅಡ್ಜಸ್ಟ್ ಮಾತು ಖರೇ. ನನ್ನ 6 ಸಣ್ಣ ತಪ್ಪಿನಲ್ಲಿ 4 ಕನ್ನಡಿಯವೇ ಇದ್ದವು. ಅವತ್ತು ಯಾವ ಸೈಕಲ್ಲೂ ಬರಲಿಲ್ಲ, ಬಚಾವಾದೆ ಅನ್ನಿಸುತ್ತದೆ ಈಗ.

ಕುಡ್ಲ ಟು ಕಾರ್ಡಿಫ್:

ಆಟೋಮ್ಯಾಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಹಿಂಬದಿಯಲ್ಲಿ 78 ಎಂಬ ಕೋಡ್ ಬರುತ್ತದೆ. ಆಮೇಲೆ ಮ್ಯಾನ್ಯುವಲ್ ಓಡಿಸಬೇಕೆಂದರೆ ಮತ್ತೆ ಪ್ರಾಕ್ಟಿಕಲ್. ಮ್ಯಾನ್ಯುವಲ್‌ನಲ್ಲಿ ಪಾಸಾದವರು ಎರಡನ್ನೂ ಓಡಿಸಬಹುದು. 12 ವರ್ಷ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದ ಎಡಗಾಲನ್ನು ಯಾಕೆ ಸುಮ್ಮನೆ ಕೂರಿಸುತ್ತೀರಿ? ಟೆಸ್ಟ್‌ನಲ್ಲಿ ಒಂದು ಸಲ ಇಂಜಿನ್ ಆಫ್ ಆಯಿತು ಅಂತ ಫೇಲ್ ಮಾಡುವುದಿಲ್ಲ. ಶಾಂತವಾಗಿ ಮತ್ತೆ ಸ್ಟಾರ್ಟ್ ಮಾಡಿ ಹೊರಟರೆ ಆಯಿತು. ಸ್ಯಾಟ್‌ನ್ಯಾವ್ ಹೇಳಿದ ದಾರಿ ತಪ್ಪಿದರೂ ಅದು ತಪ್ಪಲ್ಲ. ತಪ್ಪಿದ ದಾರಿಯಲ್ಲಿ ಸರಿಯಾಗಿ ಹೋದರೆ ಸಾಕು.

ಇನ್ಶೂರೆನ್ಸ್ ಮರೆಯಬೇಡಿ. ನೀವು ಭಾರತದ ಲೈಸೆನ್ಸ್ ಎಂದು ಹೇಳಿ ಪಾಲಿಸಿ ತೆಗೆದುಕೊಂಡಿರುತ್ತೀರಿ. 12 ತಿಂಗಳು ಮುಗಿದು ಪ್ರೊವಿಷನಲ್ ಮೇಲೆ ಓಡಿಸುವ ಪರಿಸ್ಥಿತಿ ಬಂದರೆ ಅವರಿಗೆ ತಿಳಿಸಬೇಕು, ಪಾಸಾದ ಮೇಲೂ ತಿಳಿಸಬೇಕು. ನಾನು ಪಾಸಾದದ್ದನ್ನು ಎರಡು ವಾರ ಹೇಳಲು ಮರೆತು ಬೈಸಿಕೊಂಡೆ. ಊರಿನ ನೋ ಕ್ಲೇಮ್ ಬೋನಸ್ ಕಾಗದವನ್ನು ಮಂಗಳೂರಿನಿಂದ ತರಿಸಿದ್ದೆ, ನನ್ನ ಕಂಪನಿಯವರು ಅದನ್ನು ಓದಿ ನೋಡಲೂ ಇಲ್ಲ.

ವೇಲ್ಸ್ ಕಡೆ ಬಂದರೆ ಎಚ್ಚರ. 2023ರ ಸೆಪ್ಟೆಂಬರ್ 17ರಿಂದ ಇಲ್ಲಿ ಮನೆಗಳಿರುವ ಬಹುತೇಕ ರಸ್ತೆಗಳಲ್ಲಿ 20 ಮೈಲಿ. ಇಂಗ್ಲೆಂಡ್‌ನ 30ರ ಲೆಕ್ಕದಲ್ಲಿ ಬಂದವರು ಕ್ಯಾಮೆರಾಗೆ ಸಿಗುತ್ತಾರೆ.

ಒಂದು ಸಮಾಧಾನದ ಸಂಗತಿ. ನೀವು ಇಲ್ಲಿ ಹೊಸದಾಗಿ ಟೆಸ್ಟ್ ಕೊಡುತ್ತೀರಿ, ಬದಲಾಯಿಸಿಕೊಳ್ಳುವುದಿಲ್ಲ. ಹಾಗಾಗಿ ಊರಿನ ಡಿಎಲ್ ಅನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ.

ಜೋಗದ ನೀರು:

ಯುಕೆಯವರು ಪುಣ್ಯವಂತರು. ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಜರ್ಮನಿಯಲ್ಲಿ ಭಾರತದ ಲೈಸೆನ್ಸ್ ಆರೇ ತಿಂಗಳು. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ. ಥಿಯರಿಯನ್ನು ಇಂಗ್ಲಿಷ್ ಸೇರಿ 12 ಪರಭಾಷೆಗಳಲ್ಲಿ ಬರೆಯಬಹುದು, ಅಷ್ಟು ಪುಣ್ಯ. ಪ್ರಾಕ್ಟಿಕಲ್‌ಗೆ ಡ್ರೈವಿಂಗ್ ಸ್ಕೂಲಿನ ಕಾರೇ ಬೇಕು, ಗಿರ್ಮಿಟ್ ಅವರ ಕನ್ನಡಿ ಇಲ್ಲಿ ನಡೆಯುವುದಿಲ್ಲ. ಕೊನೆಗೆ ಹೊಸ ಲೈಸೆನ್ಸ್ ಕೈಗೆ ಕೊಡುವಾಗ ನನ್ನ ಸಾಗರದ ಡಿಎಲ್ ತೆಗೆದುಕೊಂಡರು. ಎಲ್ಲಕ್ಕಿಂತ ಮೇಲೆ, ರಸ್ತೆಯ ಬಲಗಡೆ ಓಡಿಸಬೇಕು. ಮೊದಲ ತಿಂಗಳು ತಿರುವು ಬಂದಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದೆ. ನೀವು ಎಡಗಡೆಯವರು, ಗೊಣಗಬೇಡಿ.

ಗಾಂಧಿಬಜಾರ್ ಗಿರಾಕಿ:

ಎಲ್ಲರಿಗೂ ಥ್ಯಾಂಕ್ಸ್. ರಸಬಾಳೆ ಅವರೇ, ನಿಮ್ಮ ಉತ್ತರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಒಂದು ಪ್ರಯೋಗ ಮಾಡಿದೆ. ನಿನ್ನೆ ನರ್ಸರಿಗೆ ಹೋಗಿ ಬರುವಾಗ ನನ್ನಿಂದ ಎಷ್ಟು ಜನ ಬ್ರೇಕ್ ಒತ್ತಿದರು ಅಂತ ಎಣಿಸಿದೆ. ಮೂರು. ಮೂವರೂ ರೌಂಡ್ಅಬೌಟ್‌ನಲ್ಲಿ. ಈ ಊರಿನಲ್ಲಿ ಹೆಜ್ಜೆಗೊಂದು ರೌಂಡ್ಅಬೌಟ್ ಇದೆ. ಒಬ್ಬರೂ ಹಾರ್ನ್ ಮಾಡದ್ದರಿಂದ ಎಲ್ಲ ಸರಿಯಾಗೇ ಇದೆ ಅಂದುಕೊಂಡಿದ್ದೆ ಇಷ್ಟು ದಿನ!

ಇನ್ನೊಂದು ಅವಮಾನವನ್ನೂ ಹೇಳಿಬಿಡುತ್ತೇನೆ. ಬಿಳಿ ವೃತ್ತದ ಮೇಲೆ ಕಪ್ಪು ಗೆರೆ ಎಳೆದ ಬೋರ್ಡ್ ಇರುತ್ತದಲ್ಲ, ಅದನ್ನು "ಮಿತಿ ಮುಗಿಯಿತು, ಇನ್ನು ನಿಮ್ಮಿಷ್ಟ" ಅಂತ ಓದಿಕೊಂಡಿದ್ದೆ. ನನ್ನಿಷ್ಟ 45 ಆಗಿತ್ತು, ಹಿಂದೆ ದೊಡ್ಡ ಸಾಲು ಬೆಳೆಯುತ್ತಿತ್ತು. ಅದು ಒಂಟಿ ರಸ್ತೆಯಲ್ಲಿ 60, ನಡುವೆ ಡಿವೈಡರ್ ಇದ್ದರೆ 70 ಅಂತ ಹೈವೇ ಕೋಡ್ ತೆಗೆದು ನೋಡಿದಾಗಲೇ ಗೊತ್ತಾಗಿದ್ದು.

ಪ್ರೊವಿಷನಲ್‌ಗೆ ಹಾಕಿದ್ದೇನೆ. ಥಿಯರಿಯಲ್ಲಿ ಹಜಾರ್ಡ್ ಪರ್ಸೆಪ್ಷನ್ ಅಂತ ವಿಡಿಯೋ ಭಾಗ ಇದೆಯಂತೆ, ರಸ್ತೆಯಲ್ಲಿ ಅಪಾಯ ಕಂಡಾಗ ಮೌಸ್ ಒತ್ತಬೇಕು. ಅಭ್ಯಾಸದ ಕ್ಲಿಪ್‌ಗಳಲ್ಲಿ ನನಗೆ ಬರೀ ಸೊನ್ನೆ ಬರುತ್ತಿದೆ. ಏನು ಕಥೆ?

ನಂಜನಗೂಡು ರಸಬಾಳೆ:

ನೀವು ಬೇಗ ಒತ್ತುತ್ತಿದ್ದೀರಿ. ನಮ್ಮವರಿಗೆಲ್ಲ ಆಗುವುದು ಇದೇ. ಮೊದಲ ಭಾಗ ಸರಳ, 50 ಪ್ರಶ್ನೆ, 43 ಸರಿಯಾದರೆ ಸಾಕು. ಎರಡನೆಯದರಲ್ಲಿ 14 ಕ್ಲಿಪ್. ಒಟ್ಟು 75ಕ್ಕೆ 44 ಬರಬೇಕು. ಅಪಾಯ ಬೆಳೆಯಲು ಶುರುವಾದಾಗ ಒತ್ತಿದರೆ 5 ಅಂಕ, ತಡ ಆದಷ್ಟೂ ಕಡಿಮೆ. ಆದರೆ ಅದು ಶುರುವಾಗುವ ಮೊದಲೇ ಒತ್ತಿದರೆ ಏನೂ ಸಿಗುವುದಿಲ್ಲ. ನಮ್ಮ ಕಣ್ಣು ದನ, ನಾಯಿ, ರಾಂಗ್ ಸೈಡ್ ಸ್ಕೂಟರ್ ನೋಡಿ ನೋಡಿ ಪಳಗಿದೆ. ಫುಟ್‌ಪಾತ್ ಮೇಲೆ ಮಗು ಕಂಡ ತಕ್ಷಣ ಕೈ ಓಡುತ್ತದೆ. ಅವರ ಲೆಕ್ಕದಲ್ಲಿ ಮಗು ರಸ್ತೆಯ ಕಡೆ ತಿರುಗಿದಾಗ ಅಪಾಯ.

ಕಂಡಾಗ ಒಂದು ಸಲ ಒತ್ತಿ. ಅದು ನಿಮ್ಮ ದಾರಿಗೆ ಬರತೊಡಗಿದಾಗ ಇನ್ನೊಂದು ಸಲ. ತಾಳ ಹಾಕಿದ ಹಾಗೆ ಸುಮ್ನೆ ಒತ್ತುತ್ತಾ ಹೋಗಬೇಡಿ, ಮೋಸ ಅಂತ ಆ ಕ್ಲಿಪ್‌ಗೆ ಸೊನ್ನೆ ಕೊಡುತ್ತಾರೆ. ನನಗೆ 46 ಬಂತು, ಕೂದಲೆಳೆಯಲ್ಲಿ ಪಾಸು.

ಕುದುರೆ ಬಗ್ಗೆಯೂ ಓದಿಕೊಳ್ಳಿ, ನಗಬೇಡಿ. ಹಳ್ಳಿ ರಸ್ತೆಯಲ್ಲಿ ಕುದುರೆ ಮೇಲೆ ಬರುವವರು ಇದ್ದೇ ಇರುತ್ತಾರೆ. ಅವರನ್ನು ದಾಟುವಾಗ 10 ಮೈಲಿಗಿಂತ ಕಡಿಮೆ ವೇಗ, ನಡುವೆ ಕನಿಷ್ಠ 2 ಮೀಟರ್ ಜಾಗ. ದಸರಾ ಅಂಬಾರಿಗೆ ಬಿಟ್ಟರೆ ನಾನು ಅಷ್ಟು ಮರ್ಯಾದೆ ಕೊಟ್ಟು ನಿಧಾನ ಮಾಡಿದ್ದು ಇಲ್ಲಿನ ಕುದುರೆಗೇ.

ಗಾಂಧಿಬಜಾರ್ ಗಿರಾಕಿ (ಆರು ತಿಂಗಳ ನಂತರ):

ಇಲ್ಲಿ ಕೇಳಿ ಹೋದವರು ವಾಪಸ್ ಬಂದು ಏನಾಯಿತು ಅಂತ ಹೇಳುವುದೇ ಇಲ್ಲ. ನಾನು ಹೇಳುತ್ತೇನೆ.

ಥಿಯರಿ 48, ಕ್ಲಿಪ್‌ಗಳಲ್ಲಿ 52. ಆರು ಗಂಟೆ ಕ್ಲಾಸ್ ತೆಗೆದುಕೊಂಡೆ, 228 ಪೌಂಡ್. ಮೊದಲ ದಿನ ಕಲಿಸುವವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿನ್ನ ಎಡಗೈಗೆ ಗೇರ್ ಅಂಟಿಕೊಂಡಿದೆಯಾ?" ರಸಬಾಳೆ ಅವರು ನೆನಪಾದರು.

ಕಳೆದ ಗುರುವಾರ ಪ್ರಾಕ್ಟಿಕಲ್ ಆಯಿತು. ಬೆಳಿಗ್ಗೆ ಜಿನುಗು ಮಳೆ. 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸಿದರು. ಆಮೇಲೆ ಸ್ಯಾಟ್‌ನ್ಯಾವ್ ಇಟ್ಟು ಕಳಿಸಿದರು. 11 ರೌಂಡ್ಅಬೌಟ್ ಎಣಿಸಿದೆ, ಯಾರೂ ಬ್ರೇಕ್ ಒತ್ತಲಿಲ್ಲ. ಪಾಸ್, 5 ಸಣ್ಣ ತಪ್ಪು. ಅದರಲ್ಲಿ ಒಂದು ಕೇಳಿ. ಕಿರಿದಾದ ಬೀದಿಯಲ್ಲಿ ಎದುರಿನವನು ಲೈಟ್ ಮಿಟುಕಿಸಿದ. ಎರಡು ಅರ್ಥ, ಪುಸ್ತಕದ ಮೂರನೇ ಅರ್ಥ, ಎಲ್ಲ ತಲೆಗೆ ಬಂದು ನಾನು ಅಲ್ಲೇ ಯೋಚಿಸುತ್ತಾ ನಿಂತೆ. ಅನವಶ್ಯಕ ಹಿಂಜರಿಕೆ ಅಂತ ಗುರುತು ಬಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ, "ನಿನ್ನ ಪ್ರೊವಿಷನಲ್ ಬಂದಿದೆಯಲ್ಲ, ಇನ್ನು ಕ್ಲಾಸ್ ಯಾಕೆ, ನಾನೇ ಕಲಿಸುತ್ತೇನೆ." ಅವಳು ಆಗಲೇ ನಿಯಮ ಓದಿಟ್ಟಿದ್ದಳು. ಪಕ್ಕದಲ್ಲಿ ಕೂರುವವರಿಗೆ ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿರಬೇಕು. ಭಾರತದ 12 ವರ್ಷ ಆ ಲೆಕ್ಕಕ್ಕೆ ಬರುವುದಿಲ್ಲ. "ನಿಮಗೆ ಇನ್ನೂ ಎರಡು ವರ್ಷ 364 ದಿನ ಇದೆ" ಎಂದಳು. ನನ್ನ ಕಲಿಸುವವರ ನಂಬರ್ ತೆಗೆದುಕೊಂಡಿದ್ದಾಳೆ. ಶನಿವಾರ ಅವಳ ಮೊದಲ ಕ್ಲಾಸು.